ಕೊಯ್ಲಿಗೆ ಕೊಯ್ಲು

ಬೇಳೆ ಜಾರಿತು, ಸಿಪ್ಪೆ ಬೆರಳಿನಲ್ಲಿ ಉಳಿಯಿತು, ಮತ್ತೊಂದು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಹಿತಕಿದರೆ ಪುಳಕ್ಕನೆ ಹೊರಗೆ ಹಾರುತ್ತದೆ, ಹಾರಿದ್ದು ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಗೊತ್ತಾಗುವುದಿಲ್ಲ, ನೀರು ಅಷ್ಟು ತಣ್ಣಗಿದೆ, ಬಿಸಿನೀರು ಬೆರೆಸಿದರೆ ಕಾಳು ಮೆತ್ತಗಾಗಿ ಸಿಪ್ಪೆಯ ಜೊತೆಗೇ ನುಜ್ಜಾಗುತ್ತದೆ, ಹಾಗಾಗಿ ತಣ್ಣೀರೇ. ಜನವರಿ. ಹಿಂಬಾಗಿಲ ಆಚೆ ಮೊನ್ನೆ ಬಿದ್ದ ಸ್ನೋ ಪಾರ್ಕಿಂಗ್ ಲಾಟಿನ ಮೂಲೆಯಲ್ಲಿ ಗುಡ್ಡೆಯಾಗಿ ಕಪ್ಪಿಟ್ಟಿದೆ, ಓಕ್ ಟ್ರೀ ರೋಡಿನ ಅಂಗಡಿಗಳು ಇನ್ನೂ ಬಾಗಿಲು ತೆಗೆದಿಲ್ಲ, ನಮ್ಮ ಅಡುಗೆಕೋಣೆಯಲ್ಲಿ ಮಾತ್ರ ಎಲ್ಲ ಲೈಟೂ ಉರಿಯುತ್ತಿವೆ. ಊರಿನಲ್ಲಿ ಇದು ಅವರೆಯ ಕಾಲ, ಇಲ್ಲಿ ಅಮೆರಿಕಾದಲ್ಲಿ ಅದಕ್ಕೆ ಕಾಲವಿಲ್ಲ, ವರ್ಷವಿಡೀ ಫ್ರೀಜರಿನಲ್ಲಿ ಕಲ್ಲಾಗಿ ಬಿದ್ದಿರುತ್ತದೆ, ಆದರೂ ಸಂಕ್ರಾಂತಿ ಬಂತೆಂದರೆ ಇಲ್ಲಿಯ ನಮ್ಮ ಜನಕ್ಕೆ ಹಿತಕಿದಬೇಳೆ ಸಾರು ಬೇಕು, ಬ್ರಿಡ್ಜ್‌ವಾಟರ್‌ನಲ್ಲಿ ಶನಿವಾರ ಹಬ್ಬದ ಊಟ, ಎಲ್ಲರೂ ಬಂದು ತಟ್ಟೆ ಮೂಸಿ ಆಹಾ ಸೊಗಡು ಅನ್ನುತ್ತಾರೆ, ಫ್ರೀಜರಿನ ಕಾಳಿಗೆ ಎಲ್ಲಿಯ ಸೊಗಡು, ಅವರು ಮೂಸುವುದು ಅವರ ಅಜ್ಜಿಯನ್ನು. ಚಿಕ್ಕತಾಯಮ್ಮಾ, ಇನ್ನೂ ಎರಡು ಟಬ್ ಇದೆ ಕಣ್ರೀ, ಮಗಳು ಬರೋಷ್ಟರಲ್ಲಿ ಎಷ್ಟಾಗತ್ತೋ ಅಷ್ಟು ಮಾಡಿ, ಇವತ್ತು ನಿಮ್ಮ ಬಿಗ್ ಡೇ, ಟೆನ್ಷನ್ ತಗೋಬೇಡಿ — ಅಲಮೇಲು ಮೇಡಂ, ಊಟದ ಆರ್ಡರು ಹಿಡಿಯುವ ಈ ಅಡುಗೆಮನೆ ಅವರದು. ಓ, ಅಂದೆ. ನಾನು ಓ ಅಂದಾಗೆಲ್ಲ ಅವರು ನಗುತ್ತಾರೆ, ಅಯ್ಯೋ ನಿಮ್ಮ ಓ, ಓ ಅಂದ್ರೆ ಎಸ್ಸಾ ನೋವಾ? ಎರಡೂ ಅಲ್ಲ. ಕೇಳಿಸಿತು, ಇಲ್ಲೇ ಇದ್ದೇನೆ ಅಂತ. ಹೊಲದ ಆ ಬದುವಿನಿಂದ ಹೆಸರು ಹಿಡಿದು ಕೂಗಿದವರಿಗೆ ಈ ಬದುವಿನಿಂದ ಇನ್ನೇನು ಹೇಳುವುದು.

ಬೆಳಿಗ್ಗೆ ಫೋನು ಬಂದಾಗಲೂ ಓ ಅಂದೆ. ಮರಿಸ್ವಾಮಿ, ನನ್ನ ಮೈದುನನ ಮಗ, ಊರಿನಿಂದ. ದೊಡ್ಡವ್ವ, ಎದ್ದಿದ್ದೀಯಾ, ಅಲ್ಲಿ ಈಗೆಷ್ಟೊತ್ತು, ಊಟ ಆಯ್ತಾ ಎಂದೆಲ್ಲ ಸುತ್ತಿ ಬಳಸಿ, ಆಮೇಲೆ, ಶೈಲಮ್ಮ ಹೋಗ್ಬುಟ್ಳು ದೊಡ್ಡವ್ವ. ಎಲ್ಲಿಗೆ ಅಂದೆ. ನನ್ನ ಬಾಯಿಗೆ ಬಂದದ್ದು ಅದೇ, ಎಲ್ಲಿಗೆ, ನಮ್ಮ ಬೀದಿಯ ಆ ಕಡೆಯ ಮನೆಯವಳು, ಮಳವಳ್ಳಿ ಸಂತೆ ದಾಟಿ ಎಲ್ಲಿಗೂ ಹೋದವಳಲ್ಲ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ಪೊರಕೆ ಒರಗಿಸಿ, ಜಗುಲಿ ಮ್ಯಾಲೆ ಕೂತೋಳು ಹಂಗೇ ಗೋಡೆಗೆ ಒರಗ್ಬುಟ್ಟವ್ಳೆ, ಸೊಸೆ ಕಾಪಿ ತಂದು ಕೂಗಿದ್ರೆ ಮಾತಿಲ್ಲ, ಈಗ್ತಾನೆ ಮಣ್ಣು ಮಾಡಿ ಕಾಲು ತೊಳ್ಕೊಂಡು ಬಂದ್ವಿ.  ಮಗಳು ಕೀರ್ತಿ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದಳು, ಫ್ರಿಜ್ಜು ಗುಂಯ್ ಅನ್ನುತ್ತಿತ್ತು, ಹೀಟರಿನ ಬಿಸಿ ಕಾಲಿಗೆ ಬಡಿಯುತ್ತಿತ್ತು, ಕಣ್ಣೀರು ಬರುತ್ತದೇನೋ ಎಂದು ಕಾದೆ, ಬರಲಿಲ್ಲ, ಕೇಳಿದೆ, ಮರಿಸ್ವಾಮಿ, ನಮ್ಮನೆ ಸೂರಿನಲ್ಲಿ ಕುಡ್ಲು ಅಲ್ಲೇ ಐತಾ ನೋಡಿದ್ಯಾ? ಯಾವ ಕುಡ್ಲು? ಅವನಿಗೆ ಗಾಬರಿ. ಸತ್ತೋಗವ್ಳೆ ಅಂದ್ರೆ ಕುಡ್ಲು ಕೇಳ್ತೀಯಲ್ಲ ದೊಡ್ಡವ್ವ. ಅವಳ ಕುಡುಗೋಲು, ಬಾಗಿಲಿನ ಬಲಕ್ಕೆ, ಹೆಂಚಿನ ಕೆಳಗೆ, ಹಿಡಿಗೆ ಕೆಂಪು ಸೀರೆಯ ಅಂಚು ಸುತ್ತಿದೆ ಅಂದೆ. ಆಯ್ತು ನೋಡ್ತೀನಿ ಬುಡು, ನೀನು ಒಂಚೂರು ನೀರು ಕುಡಿ, ಅಂದ. ನೀರು ಕುಡಿದೆ. ಸ್ವೆಟರ್ ಹಾಕಿದೆ, ಅದರ ಮೇಲೆ ಜಾಕೆಟ್ಟು, ಬೂಟು, ಮೇಡಂ ಕಾರು ಕಳಿಸಿದ್ದರು, ಬಂದು ಟಬ್ಬಿನ ಮುಂದೆ ಕೂತೆ. ಇನ್ನೊಂದು ಜಾರಿತು.

ನಾನು ಊರು ಬಿಟ್ಟ ವರ್ಷ, ಕೊಯ್ಲಿನ ಕೊನೆಯ ದಿನ ಶೈಲಮ್ಮನ ಬೆನ್ನು ನನ್ನ ಮುಂದೆ ಇತ್ತು, ಬಗ್ಗಿದ ಬೆನ್ನು, ರವಿಕೆಯ ಹಿಂಬದಿಯಲ್ಲಿ ಬೆವರು ಉಪ್ಪಾಗಿ ಬಿಳಿ ಗೆರೆ ಎಳೆದಿತ್ತು, ಹುಣಸೆಮರದ ಹೊಲದಲ್ಲಿ ನನ್ನ ರಾಗಿ ಆಗಲೇ ತೆನೆ ಬಾಗಿ ಉದುರುವ ಹದಕ್ಕೆ ಬಂದಿತ್ತು. ಅವರು ಹೋದ ಮೇಲೆ — ನನ್ನ ಗಂಡ — ಆಳು ಇಟ್ಟು ಬೇಸಾಯ ಮಾಡುವ ಶಕ್ತಿ ನನಗಿರಲಿಲ್ಲ, ಶೈಲಮ್ಮನಿಗೂ ಇರಲಿಲ್ಲ, ನಾವಿಬ್ಬರೂ ಮುಯ್ಯಾಳಾದೆವು, ಒಂದು ದಿನ ಅವಳು ನನ್ನ ಹೊಲಕ್ಕೆ, ಒಂದು ದಿನ ನಾನು ಅವಳ ಹೊಲಕ್ಕೆ, ಕೂಲಿಯ ಮಾತಿಲ್ಲ, ಬುತ್ತಿ ಯಾರ ಹೊಲವೋ ಅವರದು. ಆ ವರ್ಷ ಅವಳ ರಾಗಿಯೂ ಕೊಯ್ಲಿಗೆ ಬಂದಿತ್ತು. ಆದರೆ ಕೀರ್ತಿ ಟಿಕೆಟ್ ಮಾಡಿಸಿದ್ದಾಳೆ, ವೀಸಾದ ಗಡುವಂತೆ, ಕರೆದೊಯ್ಯಲು ನಾಡಿದ್ದು ಬರುತ್ತಾಳೆ ಎಂದು ನಾನು ಹೇಳಿದ್ದೇ ತಡ, ಶೈಲಮ್ಮ ತನ್ನ ಹೊಲ ಬಿಟ್ಟು ನನ್ನ ಹೊಲಕ್ಕಿಳಿದಳು, ಸೂರ್ಯ ಮುಳುಗಿ ಕೊಯ್ದಿಟ್ಟ ಅರಿ ಎಲ್ಲಿದೆ ಕಾಲೆಲ್ಲಿದೆ ಕಾಣದ ಹಾಗಾಗುವವರೆಗೆ ಕೊಯ್ದೆವು.  ಕುಡುಗೋಲಿನ ಸರಸರ ಮಾತ್ರ. ಮನೆಗೆ ಬಂದು ಕಾಲು ತೊಳೆದು ಹೊರಡುವಾಗ ಅವಳು ಕುಡುಗೋಲನ್ನು ಒಯ್ಯಲಿಲ್ಲ, ಕೈ ಎತ್ತಿ ನಮ್ಮ ಸೂರಿಗೆ ಸಿಕ್ಕಿಸಿದಳು. ಅಕ್ಕಾ, ನಾಳೆ ನಿನ್ನ ಹೊಲಕ್ಕೆ ನಾನು ಬರ್ಬೇಕಿತ್ತು, ಅಂದೆ. ಹೋಗ್ಬಾ ಹೋಗು, ಮುಯ್ಯಿ ಎಲ್ಲಿಗೋಯ್ತದೆ, ಕುಡ್ಲು ಇಲ್ಲೇ ಇರ್ಲಿ, ನೀ ಬಂದ ವರ್ಸ ಇದನ್ನೇ ಎಳ್ಕೊಂಡು ನನ್ನ ಹೊಲಕ್ಕೆ ಬಾ, ಅಲ್ಲೀಗಂಟ ಇದು ನಿನ್ನ ಬಾಗ್ಲು ಕಾಯ್ತದೆ. ನಕ್ಕಳು, ಎಲೆಅಡಿಕೆಯ ಕೆಂಪು ಹಲ್ಲು. ಅಮೆರಿಕಾದೋರು ನಿನ್ನ ಕೈಲಿ ಏನ್ ಕೊಯ್ಸಾರು, ನೋಡ್ಕೊಂಡ್ ಬಂದು ಹೇಳು. ಅವರೆಕಾಳು ಅಕ್ಕಾ. ಕೊಯ್ಯುವುದಿಲ್ಲ, ಹಿತಕುತ್ತೇನೆ.

ಬರುತ್ತೇನೆ ಅಂದದ್ದು ಮುಂದಿನ ಕೊಯ್ಲಿಗೆ. ಮುಂದಿನ ಕೊಯ್ಲು ಹೋಯಿತು, ಅದರ ಮುಂದಿನದೂ, ಇಲ್ಲಿ ಕೊಯ್ಲಿನ ತಿಂಗಳಲ್ಲೇ ಥ್ಯಾಂಕ್ಸ್‌ಗಿವಿಂಗು, ಕ್ರಿಸ್‌ಮಸ್ಸು, ಮದುವೆ ಆರ್ಡರು, ಕೀರ್ತಿಗೆ ಆಸ್ಪತ್ರೆಯಲ್ಲಿ ಡಬಲ್ ಪಾಳಿ, ಅವಳ ಮಗಳು ಸಿರಿಯನ್ನು ಸ್ಕೂಲ್ ಬಸ್ಸಿಗೆ ಬಿಡುವವರಿಲ್ಲ. ಒಂದೇ ಒಂದು ಸಲ ಹೋದೆ, ಸಿರಿಯ ಬೇಸಿಗೆ ರಜೆಯಲ್ಲಿ, ಅಂದರೆ ಅಲ್ಲಿ ಕಳೆ ಕೀಳುವ ಕಾಲದಲ್ಲಿ. ಬೆಳಗಾಗುವ ಮೊದಲೇ ಹಳೇ ಸೀರೆ ಉಟ್ಟು ಅವಳ ಬಾಗಿಲಿಗೆ ಹೋಗಿ ನಿಂತೆ, ನಡೀ ಅಕ್ಕ, ಇವತ್ತು ಕಳೆ ತೆಗೆದುಕೊಡ್ತೀನಿ, ನಿನ್ನ ಮುಯ್ಯಿ ತೀರ್ಲಿ. ಅವಳು ನನ್ನ ಕಾಲಿನ ಬೂಟು ನೋಡಿದಳು, ಸಿರಿಯ ಬೂಟಿನಂಥದ್ದೇ, ಬಿಳಿಯದು. ಕೊಯ್ಲಿಗೆ ಕೊಯ್ಲು, ಕಳೆಗೆ ಕಳೆ, ಗೊತ್ತಿಲ್ವೇನೇ ನಿಂಗೆ, ಅಲ್ಲಿಗೋಗಿ ಲೆಕ್ಕ ಮರ್ತ್ಯಾ? ಬಾ, ಕಾಪಿ ಕುಡಿ. ಹಬ್ಬದ ನೆಂಟರನ್ನು ಕೂರಿಸುವ ಹಾಗೆ ಚಾಪೆ ಹಾಸಿ ಕೂರಿಸಿದಳು. ಅಷ್ಟಕ್ಕೂ ನಾನು ಸುಮ್ಮನಿರಲಿಲ್ಲ, ಇಲ್ಲಿಗೆ ಬಂದ ಮೇಲೆ ಮರಿಸ್ವಾಮಿಯ ಫೋನಿಗೆ ದುಡ್ಡು ಹಾಕಿ ಶೈಲಮ್ಮನಿಗೆ ಒಂದು ಆಳು ಹಿಡಿದುಕೊಡು ಎಂದೆ, ಅದು ಸರಿಯಲ್ಲ ಎಂದು ಆಗಲೂ ಗೊತ್ತಿತ್ತು, ಅವಳು ಆ ಆಳನ್ನು ಹೊಲದ ಬದುವಿನಿಂದಲೇ ವಾಪಸ್ಸು ಕಳಿಸಿದಳಂತೆ, ಮುಯ್ಯಾಳು ಯಾವತ್ತಿನಿಂದ ಕೂಲಿಯಾಳಾದ್ಳು, ಹೋಗಿ ಕೇಳಿ ಅವಳ್ನ. ಬೈದದ್ದು ನನ್ನನ್ನು. ಆದರೆ ಓಟಿನ ಪಟ್ಟಿ ಹಿಡಿದುಕೊಂಡು ಮೇಷ್ಟರು ಮನೆಮನೆಗೆ ಬಂದು, ಈ ಚಿಕ್ಕತಾಯಮ್ಮ ಊರಲ್ಲಿಲ್ವಲ್ಲ, ಹೆಸರು ಹೊಡೆದುಹಾಕ್ಲಾ ಅಂದಾಗ, ಬೀದಿಯ ಆ ಕಡೆಯಿಂದ ಎದ್ದು ಬಂದವಳೂ ಅವಳೇ. ಇಲ್ಲೇ ಅವ್ಳೆ ಸಾಮಿ, ಎಲ್ಲೂ ಹೋಗಿಲ್ಲ, ಕೊಯ್ಲಿಗೆ ಬತ್ತಾಳೆ, ತೆಗೀಬ್ಯಾಡಿ. ಪ್ರತಿ ಸಲ ಅದೇ ಮಾತು. ಮೇಷ್ಟರೂ ನಕ್ಕು ಬಿಟ್ಟುಹೋಗುತ್ತಿದ್ದರಂತೆ. ನಾನು ಆ ಊರಿನವಳು ಎನ್ನುವುದಕ್ಕೆ ಅಲ್ಲಿ ಉಳಿದಿದ್ದದ್ದು ಅವಳ ಬಾಯಿಯೊಂದೇ, ಇನ್ನು ಮೇಷ್ಟರು ಬಂದರೆ ಯಾರು ಎದ್ದು ಬರುತ್ತಾರೆ, ಮರಿಸ್ವಾಮಿ ಫೋನು ನೋಡುತ್ತಾ ಹ್ಞೂಂ ತೆಗೀರಿ ಸಾರ್ ಅನ್ನುತ್ತಾನೆ. ನೀರಿನಲ್ಲಿ ಸಿಪ್ಪೆಗಳು ತೇಲುತ್ತಿವೆ, ಬಾಚಿ ಬಕೆಟ್ಟಿಗೆ ಹಾಕಿದೆ.

ಮೂಗುದಾರ ಹಾಕಿದ ಹಾಗೆ ಇವತ್ತಿನ ಸಿಟಿಜನ್ ಪರೀಕ್ಷೆಗೆ ಎಳೆದುಕೊಂಡು ಹೋಗುತ್ತಿಲ್ಲ ನನ್ನನ್ನು ಯಾರೂ, ಕೀರ್ತಿಯ ಮೇಲೆ ಹಾಗೆ ಹೇಳಿದರೆ ತಪ್ಪಾಗುತ್ತದೆ. ಅವಳು ಹೇಳಿದ್ದು ಇಷ್ಟೇ. ಅವ್ವ, ಗ್ರೀನ್ ಕಾರ್ಡಲ್ಲಿ ಹೆಚ್ಚು ದಿನ ಊರಿಗೆ ಹೋಗಿ ಕೂತ್ರೆ ಏರ್‌ಪೋರ್ಟಲ್ಲಿ ಸಾವ್ರ ಪ್ರಶ್ನೆ ಕೇಳ್ತಾರೆ, ಈಗ ಕಾಲ ಸರಿಯಿಲ್ಲ, ಸಿಟಿಜನ್ ಆಗ್ಬುಡು, ಒಂದ್ಸಲ ಕೈ ಎತ್ತಿ ಪ್ರಮಾಣ ಮಾಡ್ಬುಟ್ರೆ ಮುಗೀತು, ಆಮೇಲೆ ಉಕ್ಕೆ ಹೊಡೆಯೋದ್ರಿಂದ ಒಕ್ಕಣೆಗಂಟ ಊರಲ್ಲೇ ಇದ್ದು ಬಾ, ಒಬ್ರೂ ಕೇಳಲ್ಲ. ಅಲ್ಲಿಯ ಓಟು? ಅದು ಹೋಗುತ್ತೆ. ರೇಷನ್ ಕಾರ್ಡು? ನಿಂಗ್ಯಾಕವ್ವ ಅಲ್ಲಿಯ ಅಕ್ಕಿ! ಊರಿನಿಂದ ಹೆಸರು ತೆಗೆಸಿಕೊಂಡರೆ ಊರಿಗೆ ಹೋಗಿ ಇರಬಹುದು, ಅದು ಹೇಗೆ ಎಂದು ಯೋಚನೆ ಮಾಡಿದರೆ ತಲೆ ಓಡಲಿಲ್ಲ, ಆದರೆ ಒಕ್ಕಣೆಗಂಟ ಎಂದದ್ದು, ಅಂದರೆ ಒಂದು ಇಡೀ ಕೊಯ್ಲು, ಅದು ಮಾತ್ರ ಕಿವಿಗೆ ಬಿತ್ತು, ಹ್ಞೂಂ ಅಂದೆ. ಅದಕ್ಕೇ ಹ್ಞೂಂ ಅಂದದ್ದು. ಬರುವ ಕಾರ್ತೀಕದಲ್ಲಿ ಹೋಗುವುದು, ಸೂರಿಗೆ ಕೈ ಹಾಕುವುದು, ಅವಳ ಹೊಲದಲ್ಲಿ ಬಗ್ಗುವುದು, ಬೆನ್ನು ಬಗ್ಗುತ್ತದೋ ಇಲ್ಲವೋ, ಬಗ್ಗಿಸುವುದು. ಬೆರಳಚ್ಚಿಗೆ ಕರೆದಾಗ ಯಂತ್ರಕ್ಕೆ ನನ್ನ ಬೆರಳು ಹತ್ತಲಿಲ್ಲ, ಅಲ್ಲಿಯ ಹೆಣ್ಣುಮಗಳು ಲೋಷನ್ ಹಚ್ಚಿ, ಒರೆಸಿ, ಮತ್ತೆ ಒತ್ತಿಸಿ, ಯು ವರ್ಕ್ ಹಾರ್ಡ್, ಮಮ್ಮಾ ಅಂದಳು, ನನಗೆ ಅವಳ ಕೈಯ ಬಿಸಿಯೂ ಗೊತ್ತಾಗಲಿಲ್ಲ. ಸಿರಿ ದಿನವೂ ಆ ಪರೀಕ್ಷೆಯ ಪಾಠ ಹೇಳಿದಳು. ಸಿರೀ ಅಂತ ನಾನು ಕರೆದರೆ ಆ ಮಗುವಿಗಿಂತ ಮೊದಲು ಅದರಮ್ಮನ ಫೋನು ಓ ಅನ್ನುತ್ತದೆ, ಅವಳಿಗೆ ಅದೇ ದೊಡ್ಡ ನಗು. ಅಜ್ಜೀ, ವಾಟ್ ಈಸ್ ದ ಸುಪ್ರೀಮ್ ಲಾ ಆಫ್ ದ ಲ್ಯಾಂಡ್? ಯಾವ ಲ್ಯಾಂಡು ಮಗ, ಹುಣಸೆಮರದ್ದಾ? ನೋ ಅಜ್ಜೀ, ನಾಟ್ ದಟ್ ಲ್ಯಾಂಡ್! ಕಾನ್‌ಸ್ಟಿಟ್ಯೂಷನ್. ಗೊತ್ತಿದ್ದೇ ಹಾಗೆ ಹೇಳುತ್ತಿದ್ದೆ, ಅವಳು ನಗಲಿ ಅಂತ. ಒಂದು ದಿನ ಹೇಳಿದೆ, ಕತ್ತಲಾದ ಮೇಲೆ ಯಾರಾದರೂ ಹೆಸರು ಹಿಡಿದು ಕೂಗಿದರೆ ಒಂದೇ ಸಲಕ್ಕೆ ಓ ಅನ್ನಬಾರದು ಮಗ, ಸತ್ತವರೂ ಕೂಗುತ್ತಾರೆ, ಅವರು ಕೂಗುವುದು ಒಂದೇ ಸಲ, ಮೂರು ಸಲ ಕೂಗಿದರೆ ಮನುಷ್ಯರು, ಆಗ ಓ ಅನ್ನಬೇಕು. ಸಿರಿ ಕಣ್ಣರಳಿಸಲಿಲ್ಲ. ದಟ್ಸ್ ಲೈಕ್ ಸ್ಪ್ಯಾಮ್ ಕಾಲ್ಸ್, ಅಜ್ಜಿ.

ಕೀರ್ತಿ ಬಂದಳು, ಹಿಂಬಾಗಿಲು ತೆರೆದಾಗ ಚಳಿಯೂ ಜೊತೆಗೇ ಒಳಬಂತು. ಅವ್ವ, ಇನ್ನೂ ಕಾಳು ಹಿತಕ್ತಾ ಕೂತಿದ್ದೀಯಲ್ಲ, ನಡೀ ನಡೀ, ಪಾರ್ಕ್‌ವೇಲಿ ಟ್ರಾಫಿಕ್ಕಿದೆ, ಕೈ ತೊಳ್ಕೊ, ಸೋಪ್ ಹಾಕಿ ತೊಳಿ, ಅವರೆ ವಾಸನೆ ಹೊಡೀತಿದೆ. ಅಲಮೇಲು ಮೇಡಂ ಒಳಗಿನಿಂದ ಕೂಗಿದರು, ಕೀರ್ತಿ, ವಾಪಸ್ ಬರ್ತಾ ಸ್ವೀಟ್ ತರಬೇಕು, ಈಗ್ಲೇ ಹೇಳ್ದೆ. ಕೈ ತೊಳೆದೆ, ಬಿಸಿನೀರು ಬಿದ್ದಾಗ ಬೆರಳಿಗೆ ಅಲ್ಲ, ಮೊಣಕೈಗೆ ಬಿಸಿ ತಿಳಿಯಿತು. ಕಾರಿನೊಳಗೆ ಕೀರ್ತಿ ಮಾತಾಡುತ್ತಲೇ ಇದ್ದಳು, ನಿದ್ದೆಯಿಲ್ಲದ ಕಣ್ಣು, ಕಾಫಿ ಒಂದು ಕೈಯಲ್ಲಿ. ಆಫೀಸರು ಹ್ಯಾವ್ ಯು ಎವರ್ ಅಂತ ಶುರು ಮಾಡಿದ್ರೆ ಎಲ್ಲದಕ್ಕೂ ನೋ, ಗೊತ್ತಾಯ್ತಾ, ಜೈಲು, ಕುಡಿತ, ಸುಳ್ಳು ಹೇಳೋದು, ಎಲ್ಲಾ ನೋ, ಟ್ಯಾಕ್ಸ್ ಬಾಕಿ ಇದೆಯಾ ಅಂತಾನೆ, ಅದಕ್ಕೂ ನೋ, ಪ್ರಮಾಣ ಮಾಡ್ತೀಯಾ ಅಂದ್ರೆ ಎಸ್. ಮನೇಲಿ ಕೇಳಿದಾಗ ಹೇಳ್ದಂಗೆ ಹೇಳ್ಬೇಡ ಮತ್ತೆ. ಮನೆಯಲ್ಲಿ ಕೇಳಿದಾಗ, ಬಾಕಿ ಇದೆಯಾ ಎಂದು ಅವಳು ಓದಿದಾಗ, ಐತೆ ಅಂದಿದ್ದೆ, ಶೈಲಮ್ಮನ ಮುಯ್ಯಿ ಐತೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು, ಅವ್ವಾ, ಗವರ್ಮೆಂಟಿಗೆ ಕೊಡೋದು ಕಣವ್ವ, ಶೈಲತ್ತೆಗಲ್ಲ! ಆಮೇಲೆ, ಈ ಸಲ ಹೋದಾಗ ನಾನೂ ಬರ್ತೀನಿ ಕೊಯ್ಲಿಗೆ, ಇಬ್ರೂ ಸೇರಿ ತೀರ್ಸಣ, ಎಂದಿದ್ದಳು. ಚಿಕ್ಕವಳಿದ್ದಾಗ ಶೈಲಮ್ಮನ ಸೊಂಟದ ಮೇಲೇ ಬೆಳೆದವಳು. ಈಗ ಹೇಳಬೇಕು. ಶೈಲತ್ತೆ ಹೋದಳು ಕೀರ್ತಿ. ಬಾಯಿ ತೆರೆದರೆ ಬರುತ್ತದೆ, ಬಾಯಿ ತೆರೆಯಲಿಲ್ಲ, ರಸ್ತೆಯ ಎರಡೂ ಕಡೆ ಎಲೆಯಿಲ್ಲದ ಮರ, ಉಪ್ಪು ಚೆಲ್ಲಿದ ಬಿಳಿ ರಸ್ತೆ, ಉಪ್ಪು, ರವಿಕೆಯ ಬೆನ್ನಿನ ಮೇಲಿನ ಬಿಳಿ ಗೆರೆ. ಏನವ್ವ ಮಾತೇ ಆಡ್ತಿಲ್ಲ, ಭಯ ಆಯ್ತದಾ? ಇಲ್ಲ. ನಿಜವಾಗಿ ಇಲ್ಲ. ಚಳಿಗೆ ಜೋಮು ಹಿಡಿದ ಕಾಲಿನ ಮೇಲೆ ನಿಂತ ಹಾಗೆ, ನೆಲ ಇದೆ ಎಂದು ಗೊತ್ತು, ಮುಟ್ಟುತ್ತಿಲ್ಲ. ಇನ್ನೊಂದ್ ವಿಷ್ಯ ಅವ್ವ, ಪಾಸಾದ್ರೆ ಹೆಸರು ಬೇಕಾದ್ರೆ ಬದ್ಲಾಯಿಸ್ಕೋಬಹುದು, ಆ ನೋ ನೇಮ್ ಗಿವನ್ ತೆಗೆಸಿ ಹಾಕಣ. ನನ್ನ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ಚಿಕ್ಕತಾಯಮ್ಮ, ಇಲ್ಲಿಯವರಿಗೆ ಎರಡು ಬೇಕು, ಆದ್ದರಿಂದ ಕಾರ್ಡಿನ ಮೇಲೆ ನೋ ನೇಮ್ ಗಿವನ್ ಎಂದು ಅಚ್ಚು ಹಾಕಿದ್ದಾರೆ, ಹೆಸರೇ ಇಟ್ಟಿಲ್ಲವಂತೆ ನನಗೆ. ತಾಯಾ ಅಂತ ಇಟ್ಕೋ, ಸ್ಟೈಲಾಗಿರುತ್ತೆ. ಕೀರ್ತಿ ನಕ್ಕಳು. ತಾಯಾ ಎಂದು ಬದುವಿನಿಂದ ಕೂಗಿದರೆ ಕೇಳಿಸುವುದಿಲ್ಲ, ಆ ಹೆಸರಿಗೆ ಎಳೆಯುವಷ್ಟು ಉದ್ದವಿಲ್ಲ, ಚಿಕ್ಕ-ತಾ-ಯೀ ಎಂದು ಶೈಲಮ್ಮ ಎಳೆದರೆ ಕೆರೆಯ ಏರಿಗೆ ಬಡಿದು ಇನ್ನೊಂದು ಸಲ ಬರುತ್ತಿತ್ತು.

ನ್ಯೂಅರ್ಕಿನ ಆಫೀಸು, ತಪಾಸಣೆಗೆ ಬೆಲ್ಟು ಬಿಚ್ಚಿದವರು, ಬಳೆ ಬಿಚ್ಚಿದವಳು ನಾನು, ಸಾಲು ಕುರ್ಚಿಗಳು, ಎಲ್ಲ ದೇಶದ ಜನ ಒಳ್ಳೆಯ ಬಟ್ಟೆ ಹಾಕಿಕೊಂಡು ಮೊಣಕಾಲು ಜೋಡಿಸಿ ಕೂತಿದ್ದಾರೆ, ಒಬ್ಬ ಮುದುಕ ತುಟಿಯಲ್ಲೇ ಉತ್ತರಗಳನ್ನು ಬಾಯಿಪಾಠ ಮಾಡುತ್ತಿದ್ದಾನೆ. ಬಾಗಿಲು ತೆರೆದು ಒಬ್ಬ ಎತ್ತರದ ಆಫೀಸರು, ಚಿಕಾ, ಚಿಕಥಾಯ್, ಸಾರಿ. ಓ, ಅಂದೆ, ಎದ್ದೆ. ಕೀರ್ತಿ ಸೆರಗು ಎಳೆದಳು, ಓ ಅನ್ಬೇಡವ್ವ, ಎಸ್ ಅನ್ನು. ಅವಳು ಅಲ್ಲೇ ಉಳಿದಳು, ನಾನು ಅವನ ಹಿಂದೆ ಹೋದೆ. ಬಲಗೈ ಎತ್ತು ಅಂದ, ಎತ್ತಿದೆ, ಸತ್ಯವನ್ನೇ ಹೇಳುತ್ತೀಯಾ, ಎಸ್. ಕೈ ಇಳಿಸುವಾಗ ಮೂಗಿನ ಮುಂದೆ ಹಾಯಿತು, ಸೋಪು, ಅದರ ಕೆಳಗೆ ಅವರೆ, ಸಣ್ಣದಾಗಿ, ಇದ್ದೂ ಇಲ್ಲದ ಹಾಗೆ ಸೊಗಡು. ಸುಪ್ರೀಮ್ ಲಾ ಕೇಳಿದ, ಹೇಳಿದೆ. ಒಂದು ವಾಕ್ಯ ಓದಿಸಿದ, ಒಂದು ಬರೆಸಿದ, ವೆರಿ ಗುಡ್ ಅಂದ, ಒಳ್ಳೆಯ ಮನುಷ್ಯ, ಗೋಡೆಯ ಮೇಲೆ ಮಗುವೊಂದು ಬರೆದ ಹಸಿರು ನಾಯಿಯ ಚಿತ್ರ ಅಂಟಿಸಿಕೊಂಡಿದ್ದಾನೆ. ಆಮೇಲೆ ಹ್ಯಾವ್ ಯು ಎವರ್. ನೋ. ಹ್ಯಾವ್ ಯು ಎವರ್. ನೋ. ನೋ. ನೋ. ಒಂದೊಂದೇ ಜಾರುತ್ತಿದೆ, ಬಾಯಿಗೆ ಗೊತ್ತಾಗುತ್ತಿಲ್ಲ. ಹೀಗೇ ಮುಗಿದುಹೋಗುತ್ತದೆ, ಪ್ರಮಾಣವೂ ಹೀಗೇ, ಕಾರ್ತೀಕದಲ್ಲಿ ಹೋಗಬಹುದು, ಎಷ್ಟು ದಿನ ಬೇಕಾದರೂ ಇರಬಹುದು, ಯಾರೂ ಕೇಳುವುದಿಲ್ಲ, ಯಾರೂ. ಡು ಯು ಓ ಎನಿ — ಅವನ ಬಾಯಿ ದುಂಡಗಾಯಿತು, ಉದ್ದಕ್ಕೆ ಎಳೆದ, ಓ, ಓವರ್‌ಡ್ಯೂ ಎಂದು ಇನ್ನೊಂದು ಓ, ಟ್ಯಾಕ್ಸಸ್. ನೋ ಅನ್ನಬೇಕು. ಕೀರ್ತಿ ಹೇಳಿಕೊಟ್ಟಿದ್ದಾಳೆ, ನನಗೆ ಗೊತ್ತು, ಓ ಅಂದರೆ ಇವರಲ್ಲಿ ಬಾಕಿ, ಟ್ಯಾಕ್ಸ್ ಅಂದರೆ ಕಂದಾಯ, ಎಲ್ಲ ಗೊತ್ತು, ನಾಲಿಗೆ ಏಳಲಿಲ್ಲ. ಒಂದು ಸಲ ಕೂಗಿದರೆ ಅನ್ನಬಾರದು. ಮ್ಯಾಮ್? ಡು ಯು ಓ. ಎರಡು. ಅವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ, ಕಿವಿ ಕೇಳಿಸದವರಿಗೆ ಹೇಳುವ ಹಾಗೆ, ಮೆಲ್ಲಗೆ, ನನ್ನ ಮುಖ ನೋಡುತ್ತ, ಡು, ಯು, ಓ — ಬದುವಿನ ಆಚೆಯಿಂದ ಎಳೆದ ಹಾಗೆ, ಮೂರು, ಮೂರು ಸಲ ಕೂಗಿದರೆ ಮನುಷ್ಯರು. ಓ, ಅಂದೆ. ಆ ಪುಟ್ಟ ಕೋಣೆಗೆ ಜಾಸ್ತಿಯಾಯಿತೇನೋ, ಗೋಡೆಯ ಆಚೆಗೂ ಕೇಳಿಸಿರಬೇಕು. ಅವನ ಬೆರಳು ಕೀಬೋರ್ಡಿನ ಮೇಲೆ ನಿಂತಿತು. ಯು ಡೂ? ಎಸ್, ಅಂದೆ. ಈ ಎಸ್ ನನಗೆ ಗೊತ್ತಿದ್ದೇ ಬಂತು. ಹೌ ಮಚ್? ಒನ್ ಡೇ. ಒನ್ ಡೇ ವಾಟ್, ಮ್ಯಾಮ್? ಮುಯ್ಯಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ, ಸಿರಿಯನ್ನು ಕೇಳಿರಲಿಲ್ಲ, ಅವನು ಕಾಯುತ್ತಿದ್ದಾನೆ, ಸಿಟ್ಟಿಲ್ಲದೆ, ಹಸಿರು ನಾಯಿ, ಹೀಟರಿನ ಸದ್ದು, ಆ ಬದಿಯಲ್ಲಿ ಕೀರ್ತಿ, ಅವಳಿಗಿನ್ನೂ ಗೊತ್ತಿಲ್ಲ, ಊರಿನಲ್ಲಿ ಬೀಗ ಹಾಕಿದ ಬಾಗಿಲು, ಬಾಗಿಲಿನ ಬಲಕ್ಕೆ ಸೂರು, ಹೆಂಚಿನ ಕೆಳಗೆ ಕೆಂಪು ಅಂಚು ಸುತ್ತಿದ ಹಿಡಿ, ಹಿಡಿ ಒಳಕ್ಕೆ, ಅಲಗು ಹೊರಕ್ಕೆ, ಅಲಗಿನ ಮೇಲೆ ಬಿಸಿಲು, ಹಿಡಿ ಒಳಕ್ಕೆ, ಅಲಗು ಹೊರಕ್ಕೆ, ಅಲಗು ಬಾಗಿಲು ಕಾಯುತ್ತಿದೆ.